ಗುಣಿಲೆ ಹನ್ನೆರಡು

ಮದುವೆ ಕಾಗದದ ಹಿಂಬದಿಯಲ್ಲಿ
ಬ್ರೋಕರು ಚಿಕ್ಕಮಾದು ಬರೆದುಕೊಟ್ಟ ಲೆಕ್ಕ:
ಮೂರು ಮನೆ, ಒಂದೊಂದಕ್ಕೆ ಏಳು ಸಾವಿರ,
ಗುಣಿಲೆ ಹನ್ನೆರಡು,
ಎರಡು ಲಕ್ಷ ಐವತ್ತೆರಡು ಸಾವಿರ.
ಕೆಳಗೆ ಎರಡು ಗೆರೆ.
‘ನಲವತ್ತೆರಡು ಲಕ್ಷಕ್ಕೆ ನೂರಕ್ಕೆ ಆರು ಬಿತ್ತಲ್ಲ ಅಕ್ಕಾ,
ಕೂತ್ಕಂಡು ತಿನ್ನಿ.’

ಕೂತೇ ಇದ್ದೆ ನಾನು ಇಪ್ಪತ್ತೊಂಬತ್ತು ವರ್ಷ,
ರೇಷ್ಮೆ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ.
ಸೀರೆ ಬರುತ್ತಿತ್ತು ನೀರಿನ ಹಾಗೆ.
ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರೆ ಮಾತ್ರ ಕಾಣುತ್ತಿತ್ತು
ಹೊಕ್ಕಿನಲ್ಲಿ ತಪ್ಪಿದ ಒಂದೆಳೆ.
ಮೆಚ್ಚಿಕೊಂಡು ನೋಡಿದರೆ ಕಾಣದು ಕಣೇ
ಅಂತ ಕಲಿಸಿದ್ದಳು ರುದ್ರಾಣಮ್ಮ ಮೊದಲ ದಿನವೇ,
ಕೈಮೇಲೊಂದು ಏಟು ಕೊಟ್ಟು.

ಚೀಟಿಯನ್ನೂ ಕಿಟಕಿಗೆ ಹಿಡಿದೆ.
ಆಚೆ ಬದಿಯ ಗಣೇಶನ ಸೊಂಡಿಲು ಮಸುಕಾಗಿ ಹಾದು
ಹನ್ನೆರಡರ ಮೇಲೆ ಬಿತ್ತು.

ಹನ್ನೆರಡು ಎಲ್ಲಿಂದ ಬಂತು?
ಕರಾರುಪತ್ರವೇ ಹನ್ನೊಂದು ತಿಂಗಳಿನದು.
ಆಷಾಢದಲ್ಲಿ ಯಾರು ಹಾಲುಕ್ಕಿಸುತ್ತಾರೆ?
ಧನುರ್ಮಾಸದಲ್ಲಿ ಯಾರು ಸಿಲಿಂಡರು ಹೊತ್ತು ಮೆಟ್ಟಿಲು ಹತ್ತುತ್ತಾರೆ?
ಜ್ಯೇಷ್ಠದ ಕೊನೆಗೆ ಬಿಟ್ಟುಹೋದ ಮನೆ
ಶ್ರಾವಣದವರೆಗೂ ಬೋರ್ಡು ನೇತುಹಾಕಿಕೊಂಡು ನಿಲ್ಲುತ್ತದೆ,
ಕರೆಂಟಿನ ಮಿನಿಮಮ್ಮು ಕಟ್ಟಿಸಿಕೊಳ್ಳುತ್ತಾ.

ಹೂಟಗಳ್ಳಿಗೆ ಹೋದೆ, ರಾತ್ರಿ ಒಂಬತ್ತಕ್ಕೆ, ಮಾದುಗೆ ಹೇಳದೆ.
ಮೂರರಲ್ಲಿ ಎರಡಕ್ಕೆ ದೀಪ.
ಇಸ್ತ್ರಿ ಗಾಡಿಯ ಸಿದ್ದಶೆಟ್ಟರು ಕೆಂಡ ಆರಿಸುತ್ತಿದ್ದರು.
‘ಮೇಲ್ಗಡೇದಾ? ಆಷಾಢಕ್ಕೂ ಮುಂಚಿಂದ ಖಾಲಿ.
ಪರದೆ ಓನರೇ ಕಟ್ಟವ್ರೆ.’
ನೀರು?
‘ವಾರಕ್ಕೆರಡು ಸಲ ಕಾವೇರಿ. ಮಿಕ್ಕಿದ್ದು ಟ್ಯಾಂಕರ್ರು.’

ಕೆಳಮನೆಯ ಶಾಹೀನಾ ಬಾಗಿಲಲ್ಲೇ ನಿಂತು
ಏಳು ಸಾವಿರ ಅಂದಳು, ಪಾಠ ಒಪ್ಪಿಸಿದ ಹಾಗೆ.
ಆಮೇಲೆ ಟೀ ಕೊಟ್ಟಳು.
ಆಮೇಲೆ ಐದೂವರೆ ಅಂದಳು.
ಗಂಡನಿಗೆ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಕಂಟ್ರಾಕ್ಟು ಕೆಲಸ,
ಅದೂ ಹನ್ನೊಂದು ತಿಂಗಳಿನದೇ.
‘ನೀವು ತಗೊಂಡ್ರೆ ಬಾಡಿಗೆ ಏರಿಸ್ತೀರಾ?’
ಈ ಸಾಲು ಚೀಟಿಯಲ್ಲಿ ಇರಲಿಲ್ಲ.

ಲೋಟ ಕೆಳಗಿಟ್ಟೆ. ಉತ್ತರ ಕೊಡಲಿಲ್ಲ.
ನಾನೂ ಐದು ಮನೆ ಬದಲಿಸಿದವಳು,
ಐದು ಸಲವೂ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳು ಮುರಿಸಿಕೊಂಡವಳು.
ಯಾರದೋ ಚೀಟಿಯ ಹನ್ನೆರಡರಲ್ಲಿ ನಾನೂ ಇದ್ದೆ,
ಐದನೇ ತಾರೀಖಿಗೆ ಒಮ್ಮೆಯೂ ತಪ್ಪದೆ.
ಇಲ್ಲ, ಒಮ್ಮೆ ತಪ್ಪಿದ್ದೆ:
ಅವ್ವ ದೊಡ್ಡಾಸ್ಪತ್ರೆಯಲ್ಲಿದ್ದ ತಿಂಗಳು.

ಮನೆಗೆ ಬಂದು ಪೆನ್ಸಿಲಿನಲ್ಲಿ ತಿದ್ದಿದೆ.
ಏಳು, ಆರೂವರೆ, ಐದೂವರೆ: ಹತ್ತೊಂಬತ್ತು ಸಾವಿರ.
ಗುಣಿಲೆ ಹತ್ತು.
ಸಂಪಿನ ಮೋಟರು, ಸುಣ್ಣಬಣ್ಣ, ಕಂದಾಯ, ಟ್ಯಾಂಕರು
ಕಳೆದರೆ ನಲವತ್ತು ಸಾವಿರ,
ಉಳಿದದ್ದು ಒಂದೂವರೆ ಲಕ್ಷ.
ನೂರಕ್ಕೆ ಮೂರೂವರೆ, ಚಿಲ್ಲರೆ.
ಅಂಚೆ ಕಚೇರಿಯ ಕಿಟಕಿ ಇದಕ್ಕಿಂತ ಹೆಚ್ಚು ಕೊಡುತ್ತದೆ,
ಅದರ ಮೋಟರು ಸುಡುವುದಿಲ್ಲ.

‘ಹಿಂಗೆ ಅನುಮಾನ ಪಟ್ರೆ
ಭೂಮಿ ಮೇಲೆ ಯಾರಾದ್ರೂ ಮನೆ ತಗಳಕಾಯ್ತದಾ?
ಬಾಡಿಗೆ ಹಾಳಾಗೋಗ್ಲಿ, ರೇಟು ಏರ್ತದೆ ಬುಡಿ.’
ಏರದಿದ್ದರೆ?
ಚಿಕ್ಕಮಾದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

ಮೂವತ್ತಕ್ಕೆ ಕೇಳಿ ನೋಡು ಅಂದೆ.
ನಕ್ಕ. ನಗಲಿ.
ಗಾಡಿ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದೆ.

ಆ ಮೇಲ್ಮನೆಯ ಪರದೆ,
ಮೊದಲ ಸಲ ಹಗಲಲ್ಲಿ ಹೋದಾಗ
ಅಭ್ಯಾಸಕ್ಕೆ ಬೆಳಕಿಗೆ ಹಿಡಿದು ನೋಡಿದ್ದೆ ನಾನು.
ಒಳ್ಳೆ ನೇಯ್ಗೆ.
ಒಂದೆಳೆಯೂ ತಪ್ಪಿರಲಿಲ್ಲ.